ಕುಲೀನರೆಂದರೆ ಯಾರು?

ಕಳೆದ ತಿಂಗಳು ನಮ್ಮ ವಂಶದ ಕೆಲವರು ಬೆಂಗಳೂರಿನಲ್ಲಿ ಸಭೆ ಸೇರಿ ಒಂದು ನಿರ್ಣಯ ಮಾಡಿದರು. ನಮ್ಮ ಮನೆತನದ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕು. ಅದಕ್ಕೆ, ಮನೆಯಲ್ಲಿ ಆಗೀಗ ನಾಲ್ಕು ಸಾಲು ಬರೆಯುವವನೆಂಬ ಹೆಸರಿರುವುದರಿಂದ, ನಾನು ಮುನ್ನುಡಿ ಬರೆದುಕೊಡಬೇಕು. ಮುನ್ನುಡಿಯ ಶಿರೋನಾಮೆಯನ್ನೂ ಅವರೇ ಗೊತ್ತುಮಾಡಿ ಕಳಿಸಿದ್ದರು: ‘ಕಡಬ ಸೀಮೆಯ ಒಂದು ಕುಲೀನ ಮನೆತನ’.

ನಾನು ಬರೆಯುವುದಿಲ್ಲವೆಂದೆ. ಹಿರಿಯರಿಗೆ ಅವಮಾನ ಮಾಡಿದೆನೆಂದು ಅವರಿಗೆ ಕೋಪ ಬಂದಿದೆ. ಮನೆಯ ಜಗಳವನ್ನು ಪತ್ರಿಕೆಗೆ ತರುವುದು ಸಭ್ಯತೆಯಲ್ಲವೆಂದು ನನಗೂ ಗೊತ್ತು. ಆದರೆ ಇದು ನಮ್ಮೊಬ್ಬರ ಮನೆಯ ವಿಚಾರವಲ್ಲ. ಈಚೆಗೆ ಇಂಥ ಪುಸ್ತಕಗಳು ಜಾತಿ ಜಾತಿಗೂ ಊರು ಊರಿಗೂ ಬರುತ್ತಿವೆ. ಕನ್ಯಾವರಾನ್ವೇಷಣೆಯ ಜಾಹೀರಾತುಗಳಲ್ಲಿ ‘ಪ್ರತಿಷ್ಠಿತ ಮನೆತನ’ ಎಂಬ ಮಾತು ಮಾಸಿಲ್ಲ. ‘ಆ ಕಾಲದ ದೊಡ್ಡಮನೆಗಳ ಗಾಂಭೀರ್ಯವೇ ಬೇರೆ, ಈಗಿನವರದೆಲ್ಲ ಹೊಸ ಹಣದ ಮದ’ ಎಂಬ ನಿಟ್ಟುಸಿರನ್ನು ವಿದ್ಯಾವಂತರ ಬಾಯಲ್ಲೇ ಕೇಳುತ್ತೇವೆ. ಆದ್ದರಿಂದ ‘ಕುಲೀನ’ ಎಂಬ ಮಾತಿಗೆ ಅರ್ಥವೇನೆಂದು ಒಮ್ಮೆ ಬಹಿರಂಗವಾಗಿಯೇ ವಿಚಾರಿಸುವುದು ಒಳ್ಳೆಯದು.

ಮೊದಲು ಮಾತು. ಯೂರೋಪಿನವರು ಅರಿಸ್ಟಾಕ್ರಸಿ ಎನ್ನುವ ಶಬ್ದ ಗ್ರೀಕರದು. ಅತ್ಯುತ್ತಮರ ಆಳ್ವಿಕೆ ಎಂದು ಅದರ ಅರ್ಥ. ಅರಿಸ್ಟಾಟಲನು ಇದನ್ನು ಹಣವಂತರ ಆಳ್ವಿಕೆಯಿಂದ ಬೇರ್ಪಡಿಸಿದ. ಕೆಲವೇ ಜನ ಎಲ್ಲರ ಹಿತಕ್ಕಾಗಿ ಆಳಿದರೆ ಅದು ಉತ್ತಮರ ಆಳ್ವಿಕೆ, ತಮ್ಮ ಹಿತಕ್ಕಾಗಿ ಆಳಿದರೆ ಅದರ ವಿಕಾರ ಎಂದ. ಕೇಳಲು ಸೊಗಸಾದ ವಿಂಗಡಣೆ. ಆದರೆ ಗ್ರೀಸಿನಲ್ಲಾಗಲಿ ಮುಂದೆ ಯೂರೋಪಿನಲ್ಲಾಗಲಿ ಉತ್ತಮರನ್ನು ಆರಿಸುವ ಕೆಲಸ ತೊಟ್ಟಿಲಿನ ಪಾಲಿಗೆ ಬಂತು. ನಮ್ಮ ಭಾಷೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು. ಕುಲೀನ, ಅಭಿಜಾತ ಎಂಬ ಎರಡು ಮಾತೂ ಹುಟ್ಟನ್ನೇ ಹೇಳುತ್ತವೆ. ಗುಣದ ಸೋಗು ಹಾಕುವುದಿಲ್ಲ.

ಹಾಗಾದರೆ ಐಶ್ವರ್ಯವಂತನೇ ಕುಲೀನನೋ? ಅಲ್ಲ. ಗುಬ್ಬಿಯ ಪೇಟೆಯಲ್ಲಿ ಅಡಕೆ ಕೊಬ್ಬರಿ ವ್ಯಾಪಾರ ಮಾಡಿ ಲಕ್ಷ ಸಂಪಾದಿಸಿದ ಸಾಹುಕಾರರು ನಮ್ಮ ಹಳ್ಳಿಗಳಿಗೆ ಬಂದರೆ ಅವರಿಗೆ ಮರ್ಯಾದೆ ನಡೆಯುತ್ತಿತ್ತು. ಆದರೆ ಅವರು ಹೋದ ಮೇಲೆ ಜಗಲಿಯ ಮೇಲೆ ಬೇರೆ ಮಾತು ನಡೆಯುತ್ತಿತ್ತು. ಇನ್ನೊಂದು ಕಡೆ, ಮಾಳಿಗೆ ಸೋರುವ, ಸಾಲ ತಲೆಯ ಮೇಲೆ ಹೊತ್ತ ಮನೆಯ ಯಜಮಾನ ಬೀದಿಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಹಣ ಬರುತ್ತದೆ, ಹೋಗುತ್ತದೆ. ಎದ್ದು ನಿಲ್ಲುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಕುಲೀನತೆಯ ಗುಟ್ಟು ಆ ಅಭ್ಯಾಸದಲ್ಲಿದೆ.

ಈಗ ನಮ್ಮ ಸೀಮೆಯನ್ನೇ ನೋಡೋಣ. ಕಡಬವೆಂದರೆ ದಕ್ಷಿಣ ಕನ್ನಡದ ಕಡಬವಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನದು. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ ಅದರ ಭಾಗ್ಯ. ಲಂಕೆಯಿಂದ ಮರಳುವಾಗ ರಾಮನು ಸೀತೆಯ ಇಷ್ಟದಂತೆ ಆ ಕೆರೆಯನ್ನು ಕಟ್ಟಿಸಿದನೆಂದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇಡೀ ತಾಲ್ಲೂಕಿಗೇ ಕಡಬದ ಹೆಸರಿತ್ತು. ಶ್ರೀವೈಷ್ಣವರ ಹಳೆಯ ಅಗ್ರಹಾರ. ಊರಿನಲ್ಲಿ ದೊರೆತ ತಾಮ್ರಶಾಸನ ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತಿರುವಂಥದು. ಇಷ್ಟು ಸಾಮಗ್ರಿಯಿದ್ದರೆ ಯಾವ ವಂಶಾವಳಿಗೆ ತಾನೆ ಮುನ್ನುಡಿ ಕಷ್ಟ?

ಆದರೆ ಆ ತಾಮ್ರಶಾಸನವನ್ನೇ ಕೊಂಚ ಗಮನಿಸಿ. ಶಕವರ್ಷ 735, ಎಂದರೆ ಕ್ರಿಸ್ತಶಕ 812ರದು. ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನೆಂಬವನಿಗೆ ಶನಿಕಾಟವಿತ್ತಂತೆ. ಅರ್ಕಕೀರ್ತಿಯೆಂಬ ಜೈನಮುನಿ ಅದನ್ನು ಪರಿಹರಿಸಿದ. ವಿಮಲಾದಿತ್ಯನ ಸೋದರಮಾವ, ಗಂಗರ ಚಾಕಿರಾಜನು ಬಿನ್ನಹ ಮಾಡಿಕೊಂಡದ್ದರಿಂದ ರಾಷ್ಟ್ರಕೂಟರ ಮುಮ್ಮಡಿ ಗೋವಿಂದನು ಜಾಲಮಂಗಲವೆಂಬ ಗ್ರಾಮವನ್ನು ಆ ಮುನಿಯ ಬಸದಿಗೆ ದತ್ತಿಯಾಗಿ ಬಿಟ್ಟ. ದೊರೆ, ಸಾಮಂತ, ಸೋದರಳಿಯ, ಮುನಿ, ಎಲ್ಲರ ಹೆಸರೂ ತಾಮ್ರದ ಮೇಲಿದೆ. ಜಾಲಮಂಗಲದಲ್ಲಿ ಉಳುತ್ತಿದ್ದ ಜನರನ್ನು ಯಾರಾದರೂ ಕೇಳಿದರೇ? ಒಬ್ಬ ಅಧಿಕಾರಿಯ ಗ್ರಹಚಾರ ಸರಿಹೋದದ್ದಕ್ಕೆ ಒಂದು ಊರಿನ ದುಡಿಮೆ ಕೈ ಬದಲಾಯಿಸಿತು. ದಾನ ಕೊಟ್ಟವನಿಗೂ ಪಡೆದವನಿಗೂ ಪುಣ್ಯ ಬಂದಿರಬಹುದು. ಇಬ್ಬರಿಗೂ ಅನ್ನ ಬಂದದ್ದು ಮಾತ್ರ ಮೂರನೆಯವನಿಂದ. ನಮ್ಮ ದೇಶದ ಅನೇಕ ದೊಡ್ಡ ಮನೆತನಗಳ ಮೊದಲ ಪುಟ ಹೀಗೆಯೇ ಇರುತ್ತದೆ. ಜೋಡಿ, ಇನಾಮು, ಉಂಬಳಿ, ಜಹಗೀರು ಎಂದು ಹೆಸರು ಬದಲಾಗಬಹುದು, ಅಷ್ಟೆ.

ದೊಡ್ಡಮನೆಗಳ ಪರವಾಗಿ ಮಾತನಾಡುವವರ ವಾದಗಳು ಮೂರು. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಪ್ರಾಚೀನತೆ. ‘ನಮ್ಮದು ಒಂಬತ್ತು ತಲೆಮಾರು ತಿಳಿದ ಮನೆ’ ಎನ್ನುತ್ತಾರೆ ನನ್ನ ಬಂಧುಗಳು. ನಿಜ. ಹೆಸರುಗಳೆಲ್ಲ ಒಂದು ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿವೆ. ಆದರೆ ಒಂಬತ್ತು ತಲೆಮಾರು ಇಲ್ಲದವರು ಲೋಕದಲ್ಲಿ ಯಾರಿದ್ದಾರೆ? ಊರ ಹೊರಗಿನ ಕೇರಿಯವನೇನು ಮೊನ್ನೆ ಮಳೆಗೆ ಹುಟ್ಟಿದವನೇ? ಅವನ ಮುತ್ತಜ್ಜನೂ ನಮ್ಮ ಮುತ್ತಜ್ಜನೂ ಒಂದೇ ಕೆರೆಯ ಏರಿಯ ಮೇಲೆ ಓಡಾಡಿದವರು. ನಮ್ಮವರ ಹೆಸರು ಉಳಿದಿದೆ, ಅವರದು ಉಳಿದಿಲ್ಲ. ಯಾಕೆಂದರೆ ಲೆಕ್ಕಣಿಕೆ ನಮ್ಮ ಕೈಯಲ್ಲಿತ್ತು. ನಮ್ಮ ಮನೆ ಶಾನುಭೋಗರ ಮನೆ. ಪ್ರಾಚೀನತೆ ಎಂದು ನಾವು ಹೆಮ್ಮೆಪಡುವುದು ವಂಶದ ಹಳಮೆಯನ್ನಲ್ಲ, ಬರವಣಿಗೆಯ ಗುತ್ತಿಗೆಯನ್ನು.

ಎರಡನೆಯದು ಯೋಗ್ಯತೆ. ಮೂಲಪುರುಷನು ಪರಾಕ್ರಮಿಯಾಗಿದ್ದ, ಬುದ್ಧಿವಂತನಾಗಿದ್ದ, ಆದ್ದರಿಂದ ಮನೆತನ ಏರಿತು ಎನ್ನುತ್ತಾರೆ. ಇರಬಹುದು. ಪೂರ್ಣಯ್ಯನವರು ಬಡತನದಲ್ಲಿ ಬೆಳೆದು, ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆದು, ಹೈದರನ ಕಾಲದಲ್ಲಿ ಮೇಲೆ ಬಂದು, ಟೀಪುವಿಗೂ ಅನಂತರ ಮೈಸೂರಿನ ಅರಸರಿಗೂ ಬೇಕಾದವರಾಗಿ, 1807ರಲ್ಲಿ ಯಳಂದೂರು ಜಹಗೀರನ್ನು ಪಡೆದರು. ಅದು ಅವರ ಸಾಮರ್ಥ್ಯಕ್ಕೆ ಸಂದದ್ದು. ಆದರೆ ಜಹಗೀರು ಮಗನಿಗೆ, ಮೊಮ್ಮಗನಿಗೆ ಹೋಗುತ್ತದೆ; ಸಾಮರ್ಥ್ಯ ಹಾಗೆ ಖಾತೆಯಾಗುವುದಿಲ್ಲ. ನಮ್ಮ ಗುಬ್ಬಿಯನ್ನು ಕಟ್ಟಿದವರೆಂದು ಪ್ರಸಿದ್ಧರಾದ ಹೊಸಹಳ್ಳಿಯ ಗೌಡರ ಪಾಳೆಯಪಟ್ಟೇನಾಯಿತು? ಮೈಸೂರಿನವರು ಕಪ್ಪ ಹಾಕಿದರು, ಹೈದರನು ಅದನ್ನು ಏರಿಸಿದ, ಟೀಪು ಪಾಳೆಯಪಟ್ಟನ್ನೇ ಕಿತ್ತುಕೊಂಡ. ಮನೆತನದ ಗುಣ ಒಂದು ಬೆಳಗಾಗುವುದರೊಳಗೆ ಕೆಟ್ಟಿತೆಂದು ಯಾರೂ ಹೇಳಲಾರರು. ದೊರೆಯ ಕೈ ಕೊಟ್ಟದ್ದನ್ನು ದೊರೆಯ ಕೈಯೇ ಕಿತ್ತುಕೊಂಡಿತು.

ಅದೇ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅದರಲ್ಲಿ ಹುಡುಗನಾಗಿ ಸೇರಿ ಅದರ ಯಜಮಾನನಾದ ವೀರಣ್ಣನವರಿಂದ ಗುಬ್ಬಿಯ ಹೆಸರು ಕನ್ನಡನಾಡಿನ ಮನೆಮನೆಗೂ ಮುಟ್ಟಿತು. ಅವರಿಗೆ ಕೀರ್ತಿ ತಂದದ್ದು ಹಾಸ್ಯಪಾತ್ರ. ಕಿರೀಟ ಇಟ್ಟವನು ಪಕ್ಕದಲ್ಲಿ ನಿಂತಿದ್ದರೂ ಜನ ನೋಡುತ್ತಿದ್ದದ್ದು ಹಾಸ್ಯಗಾರನನ್ನು. ರಂಗದ ಮೇಲೆ ಯೋಗ್ಯತೆಯನ್ನು ಪ್ರತಿರಾತ್ರಿಯೂ ಹೊಸದಾಗಿ ತೋರಿಸಬೇಕು. ಅಪ್ಪ ಚೆನ್ನಾಗಿ ನಟಿಸಿದನೆಂದು ಮಗನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಯೋಗ್ಯತೆಯ ಮಾತಾಡುವವರು ಈ ನಿಯಮವನ್ನು ತಮ್ಮ ಮನೆಗೂ ಅನ್ವಯಿಸಲು ಸಿದ್ಧರಿದ್ದಾರೆಯೇ?

ಮೂರನೆಯ ವಾದ ಇವೆರಡಕ್ಕಿಂತ ಗಟ್ಟಿಯಾದದ್ದು. ದೊಡ್ಡಮನೆಯವರು ಕರ್ತವ್ಯ ಮಾಡಿದರು, ಕೆರೆ ಕಟ್ಟಿಸಿದರು, ಛತ್ರ ನಡೆಸಿದರು, ಬರಗಾಲದಲ್ಲಿ ಕಣಜ ತೆರೆದರು, ಊರಿನ ನ್ಯಾಯ ನೋಡಿಕೊಂಡರು ಎಂಬುದು. ಇದರಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ನನ್ನ ತಾತ ಲಂಚ ಮುಟ್ಟಿದವರಲ್ಲ. ಪಹಣಿಯಲ್ಲಿ ಒಂದು ಅಂಕಿಯನ್ನು ತಿದ್ದಿಕೊಡಲು ಬಂದವನನ್ನು ಅವರು ಜಗಲಿಯಿಂದ ಇಳಿಸಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಕರ್ತವ್ಯವೇ ಕುಲೀನತೆಯ ಲಕ್ಷಣವಾದರೆ, ವಂಶಪಾರಂಪರ್ಯವಾಗಿ ಊರಿನ ಹಿತಕ್ಕಾಗಿ ದುಡಿದದ್ದೇ ದೊಡ್ಡಮನೆಯ ಗುರುತಾದರೆ, ಆ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದಲ್ಲ. ನೀರುಗಂಟಿಯದು.

ಪಟ್ಟಣದ ವಾಚಕರಿಗೆ ನೀರುಗಂಟಿಯೆಂದರೆ ಯಾರೆಂದು ಹೇಳಬೇಕಾದೀತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಹೀಗೆ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿಯಾದಾಗ ಇವರಿಗೆಲ್ಲ ಆಯ ಸಲ್ಲುತ್ತಿತ್ತು. ನೀರುಗಂಟಿಯ ಕೆಲಸ ಕೆರೆಯ ತೂಬನ್ನು ಎತ್ತಿ ಇಳಿಸುವುದು, ಕಾಲುವೆಯ ಮಡೆಗಳನ್ನು ಕಟ್ಟುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಾವಲಿರುವುದು. ಕೋಡಿ ಬಿದ್ದ ರಾತ್ರಿ ಊರು ಮಲಗಿರುತ್ತಿತ್ತು, ಅವನು ಎದ್ದಿರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು, ಎಷ್ಟು ನೀರು ಎಂಬುದು ಅವನಿಗೆ ಬಾಯಿಪಾಠ. ಈ ವಿದ್ಯೆ ಅಪ್ಪನಿಂದ ಮಗನಿಗೆ ಬಂದದ್ದು. ನಮ್ಮ ಶಾನುಭೋಗಿಕೆಯಂತೆಯೇ ವಂಶದ ಹಕ್ಕು. ಕರ್ತವ್ಯ, ಪರಂಪರೆ, ವಿದ್ಯೆ, ಪರೋಪಕಾರ, ಮೂರನೆಯ ವಾದದವರು ಕೇಳುವುದೆಲ್ಲ ಅವನಲ್ಲಿತ್ತು. ಆದರೂ ನೀರುಗಂಟಿಯದು ಕುಲೀನ ಮನೆತನವೆಂದು ಯಾರೂ ಮುನ್ನುಡಿ ಬರೆಯಲಿಲ್ಲ. ಅವನು ನಮ್ಮ ಜಗಲಿಯ ಕೆಳಗೆ, ಚಪ್ಪಲಿಯನ್ನು ದೂರ ಬಿಟ್ಟು, ಮಣ್ಣಿನಲ್ಲಿ ನಿಲ್ಲುತ್ತಿದ್ದ.

ಇದೇ ನನ್ನ ವಾದದ ತಿರುಳು. ಪ್ರಾಚೀನತೆ ಎಲ್ಲರಿಗೂ ಇದೆ. ಯೋಗ್ಯತೆ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಕರ್ತವ್ಯವನ್ನು ಹೆಚ್ಚಾಗಿ ಮಾಡಿದವರು ಕೆಳಗೆ ನಿಂತವರು. ಹಾಗಾದರೆ ಕುಲೀನರಿಗೆ ಮಾತ್ರ ಇದ್ದದ್ದೇನು? ಇನ್ನೊಬ್ಬರ ದುಡಿಮೆಯನ್ನೂ ವಿಧೇಯತೆಯನ್ನೂ, ಅದಕ್ಕೆ ತಾವು ಅರ್ಹರೆಂದು ಒಮ್ಮೆಯೂ ತೋರಿಸಿಕೊಳ್ಳದೆ, ಹುಟ್ಟಿನಿಂದಲೇ ಪಡೆಯುವ ಹಕ್ಕು. ಆ ಹಕ್ಕನ್ನು ಕೊಡುವವನೂ ನ್ಯಾಯವೆಂದೇ ನಂಬಿರುವ ಸ್ಥಿತಿ. ಉಳಿದ ಗಾಂಭೀರ್ಯ, ಸಂಗೀತ, ಸಂಸ್ಕೃತ, ಊಟದ ಅಚ್ಚುಕಟ್ಟು, ಎಲ್ಲವೂ ಆ ಹಕ್ಕಿನಿಂದ ದೊರೆತ ಬಿಡುವಿನಲ್ಲಿ ಬೆಳೆದ ಬೆಳೆ.

ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. ಬಹಳ ವರ್ಷ ಯಾರಿಗೂ ಹೇಳದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. 1960ರ ಸುಮಾರು, ನನಗಾಗ ಹನ್ನೊಂದು ವರ್ಷ. ಮಳೆ ಕಡಮೆಯಾಗಿ ನಮ್ಮೂರ ಕೆರೆಯಲ್ಲಿ ನೀರು ಕೊನೆ ಮುಟ್ಟಿತ್ತು. ಮನೆಯಲ್ಲಿ ದೊಡ್ಡವರೊಬ್ಬರು, ತಾತ ಅಲ್ಲ, ‘ಹೋಗಿ ನಮ್ಮ ಗದ್ದೆಗೆ ಮಡೆ ತಿರುಗಿಸಲು ಹೇಳಿ ಬಾ’ ಎಂದು ನನ್ನನ್ನು ಕಳಿಸಿದರು. ನೀರುಗಂಟಿ ಸನಿಕೆ ಹಿಡಿದು ಕಾಲುವೆಯಲ್ಲಿ ನಿಂತಿದ್ದ. ಅರವತ್ತು ದಾಟಿದವನು. ‘ಇವತ್ತು ಕೊನೇ ಗದ್ದೆಯೋರ ಸರದಿ, ಚಿಕ್ಕಬುದ್ಧಿ. ನಾಳೀಕೆ ತಮ್ಮ ಗದ್ದೆಗೇ ಬಿಡ್ತೀನಿ’ ಎಂದ. ‘ಹೇಳಿದಷ್ಟು ಮಾಡೋ’ ಎಂದೆ ನಾನು. ಹನ್ನೊಂದು ವರ್ಷದ ಹುಡುಗ, ಅರವತ್ತು ದಾಟಿದ ಮುದುಕನಿಗೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಮಡೆ ತಿರುಗಿಸಿದ.

ಕೊನೆಯ ಗದ್ದೆ ಒಬ್ಬ ವಿಧವೆಯದು. ನಾಳೆಯ ನೀರು ಅವಳಿಗೆ ಬರಲಿಲ್ಲ. ತೂಬಿನ ಮಟ್ಟಕ್ಕಿಂತ ಕೆಳಗೆ ನೀರು ಇಳಿದಿತ್ತು. ಆ ವರ್ಷ ಅವಳ ಪೈರು ತೆನೆ ಕಟ್ಟಲಿಲ್ಲ. ಅವಳು ನಮ್ಮ ಮನೆಗೆ ಬಂದು ಬೈಯಲಿಲ್ಲ, ಬೈದದ್ದು ನೀರುಗಂಟಿಯನ್ನು. ಅವನು ಬೈಸಿಕೊಂಡು ಸುಮ್ಮನಿದ್ದನಂತೆ. ನಮ್ಮ ಮನೆಯ ಹೆಸರು ಎತ್ತಲಿಲ್ಲವಂತೆ. ಆ ಮಡೆಯ ಬಳಿ ನನಗೆ ಹಣವಿರಲಿಲ್ಲ, ಬಲವಿರಲಿಲ್ಲ, ವಿದ್ಯೆಯಿರಲಿಲ್ಲ. ಸರದಿಯ ನ್ಯಾಯ ತಿಳಿದವನು ಅವನು. ಆದರೂ ಮಡೆ ತಿರುಗಿತು. ಅದನ್ನು ತಿರುಗಿಸಿದ್ದು ಯಾವುದೋ, ಅದೇ ಕುಲೀನತೆ. ವಂಶಾವಳಿಯ ಮುನ್ನುಡಿಯಲ್ಲಿ ನಾನು ಯಾವುದನ್ನು ಹೊಗಳಬೇಕೆಂದು ನನ್ನ ಬಂಧುಗಳು ಕೇಳುತ್ತಿದ್ದಾರೋ, ಅದೂ ಅದೇ.

‘ಹೋಗಲಿ, ಅದೆಲ್ಲ ಕಾನೂನಿನಿಂದ ಮುಗಿದುಹೋಯಿತಲ್ಲ, ಈಗೇಕೆ ಕೆದಕುತ್ತೀರಿ?’ ಎನ್ನುವವರಿದ್ದಾರೆ. ಕಾನೂನು ಮಾಡಿದ್ದು ಸಣ್ಣ ಕೆಲಸವಲ್ಲ. ಸಂವಿಧಾನದ ಹದಿನೆಂಟನೆಯ ಅನುಚ್ಛೇದ ಬಿರುದುಗಳನ್ನು ತೆಗೆಯಿತು. ಮೈಸೂರು ಸರ್ಕಾರ 1954 ಮತ್ತು 1955ರ ಶಾಸನಗಳಿಂದ ಇನಾಮುಗಳನ್ನು ರದ್ದುಮಾಡಿತು. 1961ರ ಗ್ರಾಮಾಧಿಕಾರ ರದ್ಧತಿ ಶಾಸನ 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ಪಟೇಲಿಕೆ ಶಾನುಭೋಗಿಕೆಗಳ ವಂಶದ ಹಕ್ಕು ಹೋಯಿತು. 1971ರಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜರ ರಾಜಧನ ನಿಂತಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಯ ಜಮೀನನ್ನು ಒಡೆಯನ ಕೈಯಿಂದ ಬಿಡಿಸಿತು. ಅರಸು ಮನೆತನದ ಹೆಸರು ಹೊತ್ತವರೇ ಉಳುವವನ ಪರ ನಿಂತದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ 1963ರಲ್ಲಿ ನಮ್ಮೂರಲ್ಲಿ ನಡೆದದ್ದನ್ನು ನೋಡಿ. ಒಂದೇ ಶಾಸನ ಶಾನುಭೋಗಿಕೆಯನ್ನೂ ತೆಗೆಯಿತು, ನೀರುಗಂಟಿಕೆಯನ್ನೂ ತೆಗೆಯಿತು. ಇಬ್ಬರೂ ಒಂದೇ ದಿನ ಹಕ್ಕು ಕಳೆದುಕೊಂಡರು. ಸಮಾನತೆಗೆ ಇನ್ನೇನು ಬೇಕು? ನಮ್ಮ ಮನೆಯ ಹುಡುಗರು ಅಕ್ಷರ ಬಲ್ಲವರು. ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋದರು. ಕಚೇರಿ, ಬ್ಯಾಂಕು, ಕಾಲೇಜುಗಳನ್ನು ಸೇರಿದರು. ನಾನೂ ಅವರಲ್ಲೊಬ್ಬ. ಅಮೆರಿಕಕ್ಕೂ ಹೋದರು. ನೀರುಗಂಟಿಯ ಮಗನಿಗೆ ಗೊತ್ತಿದ್ದದ್ದು ತೂಬು, ಮಡೆ, ಏರಿ. ಆ ವಿದ್ಯೆಗೆ ಯಾವ ಕಚೇರಿಯಲ್ಲೂ ಕುರ್ಚಿ ಇರಲಿಲ್ಲ. ಅವನು ಕೂಲಿಗೆ ಹೋದ. ಕಾನೂನು ಹಕ್ಕನ್ನು ಕಿತ್ತುಕೊಳ್ಳಬಲ್ಲದು. ಹಕ್ಕಿನಿಂದ ಮೊದಲೇ ಸಂಪಾದಿಸಿಟ್ಟುಕೊಂಡದ್ದನ್ನು ಕಿತ್ತುಕೊಳ್ಳಲಾರದು. ಜಮೀನು ಹೋದರೂ ನಮಗೆ ಅಕ್ಷರ ಉಳಿಯಿತು, ಪರಿಚಯ ಉಳಿಯಿತು, ಯಾವ ಕಚೇರಿಯಲ್ಲಾದರೂ ಅಳುಕದೆ ಕುರ್ಚಿ ಎಳೆದುಕೊಳ್ಳುವ ಧೈರ್ಯ ಉಳಿಯಿತು. ಆಮೇಲೆ ನಾವೇ ‘ನಾವು ಸ್ವಂತ ಪ್ರತಿಭೆಯಿಂದ ಮೇಲೆ ಬಂದವರು’ ಎಂದು ಹೇಳಿಕೊಂಡೆವು. ಈಗ ಸಾಲದೆಂದು ‘ಕುಲೀನರು’ ಎಂದೂ ಹೇಳಿಕೊಳ್ಳಬೇಕಂತೆ. ಎರಡರಲ್ಲಿ ಒಂದನ್ನಾದರೂ ಬಿಡಬೇಡವೇ?

ಪಟ್ಟಣದವರು ಇದು ಹಳ್ಳಿಯ ಪುರಾಣವೆಂದು ತಿಳಿಯಬಾರದು. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟಿರುವ ಮನೆ ಬೆಂಗಳೂರಿನಲ್ಲಿಲ್ಲವೇ? ಕೆಲಸದವರು ಬೇರೆ ಲಿಫ್ಟಿನಲ್ಲಿ ಬರಬೇಕೆಂದು ಫಲಕ ಹಾಕಿದ ಕಟ್ಟಡಗಳಿಲ್ಲವೇ? ಹತ್ತು ವರ್ಷದ ಮಗು ಐವತ್ತು ವರ್ಷದ ಕಾವಲುಗಾರನನ್ನು ಏಕವಚನದಲ್ಲಿ ಕೂಗಿದರೆ ತಿದ್ದುವ ತಂದೆತಾಯಿಗಳು ಎಷ್ಟು ಜನ? ಶಾಸಕನ ಮಗ ಶಾಸಕನಾಗುವುದನ್ನು ನಾವು ವಂಶದ ಆಸ್ತಿಯಂತೆ ಒಪ್ಪಿಕೊಂಡಿಲ್ಲವೇ? ಅವನು ಕಾರಿನಿಂದ ಇಳಿದಾಗ ನಾವು ಎದ್ದು ನಿಲ್ಲುತ್ತೇವಲ್ಲ, ಅದೇ ಹಳೆಯ ಅಭ್ಯಾಸ. ಜಗಲಿ ಹೋಗಿದೆ, ನಿಲ್ಲುವ ಕಾಲು ಉಳಿದಿದೆ.

ಫ್ರಾನ್ಸಿನವರು 1790ರಲ್ಲಿ ಕುಲೀನರ ಬಿರುದುಗಳನ್ನು ಅಳಿಸಿಹಾಕಿದರು. ಇಂಗ್ಲೆಂಡಿನವರು ನಿಧಾನಿಗಳು, ತಮ್ಮ ಲಾರ್ಡ್ಸ್ ಸಭೆಯಿಂದ ಹುಟ್ಟಿನ ಬಲದ ಸದಸ್ಯರಲ್ಲಿ ಬಹುಪಾಲನ್ನು 1999ರಲ್ಲಿ ಕಳಿಸಿಕೊಟ್ಟರು. ಅಲ್ಲಿ ದೊರೆ ಮನಸ್ಸು ಮಾಡಿದರೆ ಸಾಮಾನ್ಯನನ್ನು ಕುಲೀನನನ್ನಾಗಿ ಮಾಡಬಲ್ಲವನಾಗಿದ್ದ. ನಮ್ಮ ದೊರೆ ಜಹಗೀರು ಕೊಡಬಲ್ಲವನಾಗಿದ್ದ, ಬಿರುದು ಕೊಡಬಲ್ಲವನಾಗಿದ್ದ, ಜಾತಿ ಕೊಡಬಲ್ಲವನಾಗಿರಲಿಲ್ಲ. ಆದ್ದರಿಂದ ನಮ್ಮ ಕುಲೀನತೆಗೆ ಅಲ್ಲಿನದಕ್ಕಿಂತ ಬೇರು ಆಳ, ದೊರೆ ಹೋದರೂ ಅದು ಒಣಗಲಿಲ್ಲ. ಅದನ್ನು ಕೀಳಬೇಕಾದವರು, ಅದರ ಫಲ ತಿಂದ ಮನೆಗಳವರೇ.

ಹಿರಿಯರನ್ನು ನಾನು ಹೀಗಳೆದಿಲ್ಲ. ಅವರು ತಮ್ಮ ಕಾಲದ ನ್ಯಾಯದಲ್ಲಿ ಬಾಳಿದರು. ಕೆಲವರು ಆ ನ್ಯಾಯದೊಳಗೂ ಒಳ್ಳೆಯವರಾಗಿದ್ದರು. ತಾತನಿಗೆ ಆ ಮಡೆಯ ಸಂಗತಿ ತಿಳಿದಿದ್ದರೆ ನನ್ನ ಬೆನ್ನಿನ ಮೇಲೆ ಬಾಸುಂಡೆ ಬರುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಳ್ಳೆಯ ತಾತನಿದ್ದನೆಂಬುದಕ್ಕೂ ಕುಲೀನರಾಗಿದ್ದೆವೆಂಬುದಕ್ಕೂ ಸಂಬಂಧವಿಲ್ಲ. ಮೊದಲನೆಯದಕ್ಕೆ ಕೃತಜ್ಞತೆ ಬೇಕು. ಎರಡನೆಯದಕ್ಕೆ ಲೆಕ್ಕ ಒಪ್ಪಿಸಬೇಕು, ಶಾನುಭೋಗರ ಮೊಮ್ಮಕ್ಕಳಿಗೆ ಇದು ತಿಳಿಯದ ಮಾತಲ್ಲ.

ಬಂಧುಗಳಿಗೆ ನಾನು ಒಂದು ಸೂಚನೆ ಕಳಿಸಿದ್ದೇನೆ. ವಂಶಾವಳಿ ಅಚ್ಚಾಗಲಿ. ‘ಕುಲೀನ’ ಎಂಬ ಮಾತು ಬೇಡ. ನಮ್ಮ ಒಂಬತ್ತು ತಲೆಮಾರಿನ ಹೆಸರಿನ ಎದುರು ಪುಟದಲ್ಲಿ, ನಮ್ಮೂರಿನ ಉಳಿದ ಆಯಗಾರರ ಮನೆಗಳ ಹೆಸರುಗಳನ್ನು ಅವರವರ ಮಕ್ಕಳು ಮೊಮ್ಮಕ್ಕಳನ್ನು ಕೇಳಿ, ತಿಳಿದಷ್ಟನ್ನು ಹಾಕಲಿ. ಎರಡೇ ತಲೆಮಾರು ಸಿಕ್ಕರೆ ಎರಡೇ ಇರಲಿ. ಖಾಲಿ ಉಳಿದ ಜಾಗವೂ ಅಚ್ಚಾಗಲಿ. ಹಾಗೆ ಮಾಡುವುದಾದರೆ ಮುನ್ನುಡಿ ಬರೆಯುತ್ತೇನೆ, ಅದರಲ್ಲಿ ಮಡೆಯ ಸಂಗತಿಯನ್ನೂ ಸೇರಿಸುತ್ತೇನೆ. ಇದುವರೆಗೆ ಉತ್ತರ ಬಂದಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ನೀರುಗಂಟಿಯ ಮೊಮ್ಮಗನನ್ನು ಹುಡುಕಿಕೊಂಡು ಹೋಗಿ, ‘ನಿಮ್ಮ ತಾತನ ತಂದೆಯ ಹೆಸರೇನು?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ನಮ್ಮ ದೊಡ್ಡಮ್ಮನಿಗೆ ಗೊತ್ತಿರಬೇಕು ಸಾರ್, ಕೇಳಿ ಹೇಳ್ತೀನಿ. ಇಷ್ಟು ದಿವಸ ಯಾರೂ ಕೇಳಿರಲಿಲ್ಲ’ ಎಂದರು.